ಬೆರಿವಾನಳ ಮೌನ

ಬಹುಕಾಲದಿಂದ ಜರ್ಮನಿಯಲ್ಲಿ ಸಂಸಾರ ಹೂಡಿರುವ ನನಗೆ ತುರ್ಕಿ ದೇಶದವರು ಅಪರಿಚಿತರೇನಲ್ಲ. ತರಕಾರಿ ಕೊಳ್ಳುವ ಅಂಗಡಿ ಅವರದು, ಬಟ್ಟೆ ಹೊಲಿಸುವುದು ಅವರಲ್ಲಿ. 1961ರ ಒಪ್ಪಂದದ ಮೇರೆಗೆ ಇಲ್ಲಿಯ ಕಾರ್ಖಾನೆಗಳಿಗೆ ದುಡಿಯಲು ಬಂದವರ ಮಕ್ಕಳು, ಮೊಮ್ಮಕ್ಕಳು ಅವರು. ಆದರೆ ಅವರೊಳಗೆ ಅನೇಕರು ತುರ್ಕರಲ್ಲ, ಕುರ್ದರು, ಅವರ ಮನೆಮಾತೇ ಬೇರೆ ಎಂಬ ಸಂಗತಿ ನನಗೆ ತಿಳಿದದ್ದು ಒಂದು ಚಲನಚಿತ್ರದಿಂದ.

1978ರಲ್ಲಿ ತೆರೆಕಂಡ ಆ ಚಿತ್ರದ ಹೆಸರು ‘ಸ್ಯುರ್ಯು’, ಎಂದರೆ ‘ಮಂದೆ’. ಕುರಿ ಕಾಯುವ ಕುರ್ದಿ ಬುಡಕಟ್ಟೊಂದರ ಸೊಸೆ ಬೆರಿವಾನ್. ವೈರಿ ಕುಲದಿಂದ ಬಂದವಳು. ಮೂರು ಕೂಸುಗಳನ್ನು ಕಳೆದುಕೊಂಡು ಮಾತು ಬಿಟ್ಟಿದ್ದಾಳೆ. ಮಾವನ ಕಣ್ಣಿಗೆ ಅವಳು ಶಾಪಗ್ರಸ್ತೆ. ಅವಳಿಗೆ ಚಿಕಿತ್ಸೆ ಕೊಡಿಸುವ ಆಸೆಯಿಂದಲೇ ಗಂಡ ಶಿವಾನ್ ಮಂದೆಯನ್ನು ರೈಲಿನಲ್ಲಿ ಅಂಕಾರಾಕ್ಕೆ ಸಾಗಿಸಲು ಒಪ್ಪುತ್ತಾನೆ. ದಾರಿಯುದ್ದಕ್ಕೂ ಲಂಚ, ಸಾಯುವ ಕುರಿಗಳು. ರಾಜಧಾನಿ ತಲುಪಿದ ಮೇಲೆ ಬೆರಿವಾನಳೂ ಸಾಯುತ್ತಾಳೆ, ಒಂದು ಮಾತನ್ನೂ ಆಡದೆ. ಪಾತ್ರಗಳು ಕುರ್ದರಾದರೂ ಅವರ ಬಾಯಲ್ಲಿರುವುದು ಬಹುಮಟ್ಟಿಗೆ ತುರ್ಕಿ ಭಾಷೆ. ಕುರ್ದಿ ಮಾತಾಡುವ ಚಿತ್ರವನ್ನು ಆ ಕಾಲದಲ್ಲಿ ಅಲ್ಲಿ ತೆಗೆಯುವಂತಿರಲಿಲ್ಲ. ಆ ಚಿತ್ರದಲ್ಲಿ ಸುಳ್ಳಾಡದ ನಾಲಿಗೆ ಬೆರಿವಾನಳದೊಂದೇ ಎಂದು ನನಗನ್ನಿಸಿತು.

ಇದನ್ನು ನಿರ್ದೇಶಿಸಿದವರು ಜೆಕಿ ಓಕ್ತೆನ್. ಚಿತ್ರಕಥೆಯನ್ನು ಸೆರೆಮನೆಯಲ್ಲಿ ಕುಳಿತು ಬರೆದವರು ಯಿಲ್ಮಾಜ್ ಗ್ಯುನೆ. ಕುರ್ದಿ ಮೂಲದ ಗ್ಯುನೆ ಜನಪ್ರಿಯ ನಟರಾಗಿದ್ದವರು. ‘ಕುರೂಪಿ ರಾಜ’ ಎಂದು ಪ್ರೇಕ್ಷಕರಿಂದ ಕರೆಸಿಕೊಂಡವರು. ಅವರನ್ನು ಸಂತರನ್ನಾಗಿ ಮಾಡುವ ಇರಾದೆ ನನಗಿಲ್ಲ. 1974ರಲ್ಲಿ ನ್ಯಾಯಾಧೀಶರೊಬ್ಬರನ್ನು ಗುಂಡಿಟ್ಟು ಕೊಂದರೆಂಬ ಅಪರಾಧಕ್ಕೆ ಶಿಕ್ಷೆಯಾದವರು ಅವರು. 1981ರಲ್ಲಿ ಸೆರೆಯಿಂದ ತಪ್ಪಿಸಿಕೊಂಡರು. ಅವರ ಸೂಚನೆಯಂತೆ ಶೆರಿಫ್ ಗೋರೆನ್ ಚಿತ್ರೀಕರಿಸಿದ್ದ ‘ಯೋಲ್’, ಎಂದರೆ ‘ದಾರಿ’, ಸ್ವಿಟ್ಜರ್ಲೆಂಡಿನಲ್ಲಿ ಸಂಕಲನಗೊಂಡು 1982ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಇನ್ನೊಂದು ಚಿತ್ರದೊಡನೆ ಹಂಚಿಕೊಂಡಿತು. ಸ್ವದೇಶದ ಪ್ರೇಕ್ಷಕರು ಅದಕ್ಕಾಗಿ 1999ರವರೆಗೆ ಕಾಯಬೇಕಾಯಿತು. ಗ್ಯುನೆ 1984ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಿದ್ದರು.

‘ಯೋಲ್’ ಚಿತ್ರದಲ್ಲಿ ಕೆಲವೇ ದಿನಗಳ ರಜೆಯ ಮೇಲೆ ಊರಿಗೆ ಹೊರಟ ಕೈದಿಗಳ ಕಥೆಯಿದೆ. ತಪ್ಪಿದಳೆಂದು ತವರಿನವರೇ ಸಂಕೋಲೆಯಲ್ಲಿಟ್ಟಿದ್ದ ಹೆಂಡತಿಯನ್ನು ಗಂಡ ಹಿಮದ ಬಯಲಿನಲ್ಲಿ ನಡೆಸಿಕೊಂಡು ಹೋಗುವ ಭಾಗವನ್ನು ವಿಮರ್ಶಕರು ಬಹಳ ಹೊಗಳುತ್ತಾರೆ. ಹೆಣ್ಣಾಗಿ ನೋಡಿದ ನನಗೆ ಅಲ್ಲಿ ಗಂಡನ ಸಂಕಟಕ್ಕೆ ಸಿಕ್ಕ ಎಡೆ ಅವಳ ಸಾವಿಗೆ ಸಿಗಲಿಲ್ಲವೆನಿಸಿತು. ಮೇರುಕೃತಿ ಎಂದ ಮಾತ್ರಕ್ಕೆ ಇದನ್ನು ಹೇಳದಿರುವುದು ಸರಿಯಲ್ಲ.

ಈ ದೊಡ್ಡ ಚಿತ್ರಗಳಿಗಿಂತ ನನ್ನನ್ನು ಹೆಚ್ಚು ಕಲಕಿದ್ದು 2008ರ ಒಂದು ಸಣ್ಣ ಸಾಕ್ಷ್ಯಚಿತ್ರ. ಓರ್ಹಾನ್ ಎಸ್ಕಿಕೋಯ್ ಮತ್ತು ಓಜ್ಗ್ಯುರ್ ದೋವಾನ್ ನಿರ್ದೇಶಿಸಿದ ಅದರ ಹೆಸರು ‘ಇಕಿ ದಿಲ್ ಬಿರ್ ಬವುಲ್’, ‘ಎರಡು ಭಾಷೆ, ಒಂದು ಪೆಟ್ಟಿಗೆ’. (ತುರ್ಕಿಯಲ್ಲಿ ‘ದಿಲ್’ ಎಂದರೆ ನಾಲಿಗೆ, ಭಾಷೆ. ಕುರ್ದಿಯಲ್ಲಾದರೋ ಹಿಂದಿಯಲ್ಲಿರುವಂತೆ ಹೃದಯ!) ಪಶ್ಚಿಮ ಭಾಗದ ತರುಣ ಶಿಕ್ಷಕನೊಬ್ಬ ಕುರ್ದಿ ಹಳ್ಳಿಯ ಶಾಲೆಗೆ ಬರುತ್ತಾನೆ. ಮಕ್ಕಳಿಗೆ ತುರ್ಕಿ ಬಾರದು, ಅವನಿಗೆ ಕುರ್ದಿ ಬಾರದು. ಒಂದು ವರ್ಷ ಕಳೆಯುತ್ತದೆ, ಅಷ್ಟೇ ಕಥೆ. ಇಲ್ಲಿ ಖಳನಾಯಕನಿಲ್ಲ. ಶಿಕ್ಷಕ ಸಜ್ಜನ, ಒಂಟಿಯಾಗಿ ತಾಯಿಗೆ ದೂರವಾಣಿ ಮಾಡಿ ಅಳಲು ತೋಡಿಕೊಳ್ಳುವವನು. ಆದರೂ ತರಗತಿಯಲ್ಲಿ ಮನೆಮಾತು ಆಡಕೂಡದೆಂದು ಮಕ್ಕಳಿಗೆ ಹೇಳುತ್ತಾನೆ. ತಾನು ತುರ್ಕನೆಂದು ಸಾರುವ ಪ್ರತಿಜ್ಞೆಯನ್ನು ಆ ಮಕ್ಕಳಿಂದ ಒಪ್ಪಿಸುತ್ತಾನೆ. ಅವರ ಮುಖದ ಗೊಂದಲ ನೋಡಿ ನಾನು ಅತ್ತೆ.

ಕಾರಣವಿದೆ. ನನ್ನ ಮಗಳು ಮೂರು ವರ್ಷದವಳಿದ್ದಾಗ ಅವಳ ಶಿಶುವಿಹಾರದ ಶಿಕ್ಷಕಿ, ಮಗುವಿಗೆ ತೊಡಕಾಗುತ್ತಿದೆ, ಮನೆಯಲ್ಲೂ ಜರ್ಮನ್ ಆಡಿ ಎಂದು ಸಲಹೆ ಕೊಟ್ಟರು. ಆಕೆಯೂ ಸಜ್ಜನಳೇ. ಬಿ.ಎ.ಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಓದಿದ್ದ ನಾನು ಮರುದಿನದಿಂದಲೇ ನನ್ನ ತಪ್ಪುತಪ್ಪು ಜರ್ಮನ್‌ನಲ್ಲಿ ಮಗುವಿಗೆ ಅನ್ನ ಉಣಿಸತೊಡಗಿದೆ. ಆ ತಪ್ಪು ವ್ಯಾಕರಣವನ್ನು ಅವಳು ಬೇಗ ತಿದ್ದಿಕೊಂಡಳು. ಕನ್ನಡವನ್ನು ಮರಳಿ ಪಡೆಯಲಿಲ್ಲ.

ತುರ್ಕಿಯಲ್ಲಿ 1983ರಿಂದ 1991ರವರೆಗೆ, ಕುರ್ದಿ ಎಂಬ ಹೆಸರನ್ನೇ ಎತ್ತದೆ ಆ ಭಾಷೆಯನ್ನು ನಿಷೇಧಿಸಿದ ಕಾನೂನಿತ್ತು. ಅದರ ನಡುವೆಯೂ ತಾಯಂದಿರು ಮನೆಯಲ್ಲಿ ಕುರ್ದಿ ಆಡಿದರು. ಆಡಿದ್ದರಿಂದಲೇ 2008ರ ಆ ಮಕ್ಕಳಿಗೆ ತುರ್ಕಿ ಬಾರದು! ನಮ್ಮ ಮೇಲೆ ಯಾವ ಸರ್ಕಾರ ಯಾವ ಕಾನೂನು ಹೇರಿತ್ತು? ಪರಿಸ್ಥಿತಿ ಹಾಗಿತ್ತು ಎಂದು ನಾವು ಪರಸ್ಪರ ಸಮಾಧಾನ ಹೇಳಿಕೊಳ್ಳುವುದು ನನಗೆ ಈಗ ಒಪ್ಪಿಗೆಯಾಗುತ್ತಿಲ್ಲ.

ಆ ಚಿತ್ರವನ್ನು ಕಳೆದ ಚಳಿಗಾಲದಲ್ಲಿ ಮಗಳೊಡನೆ ಮತ್ತೊಮ್ಮೆ ನೋಡಿದೆ. ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ, ಜರ್ಮನ್‌ನಲ್ಲಿ: ಅಮ್ಮ, ಆ ಶಿಕ್ಷಕಿಗೆ ನೀನು ಆಗುವುದಿಲ್ಲ ಎಂದು ಏಕೆ ಹೇಳಲಿಲ್ಲ? ಉತ್ತರ ಹೇಳಬೇಕಾದ ಭಾಷೆ ಯಾವುದೆಂದು ತಿಳಿಯದೆ ಸುಮ್ಮನಿದ್ದೆ.

ನಮ್ಮ ಸಮ್ಮೇಳನಗಳಲ್ಲಿ ತಾರೆಯರನ್ನು ಕರೆಸಿ ಹೊಸ ಕನ್ನಡ ಚಿತ್ರಗಳನ್ನು ತೋರಿಸುತ್ತೇವೆ. ತೋರಿಸಬೇಕಾದದ್ದೇ, ನಾನೂ ಶಿಳ್ಳೆಯ ನಡುವೆ ಕುಳಿತು ನೋಡುವವಳೇ. ಮುಂದಿನ ಬಾರಿ ಒಂದು ಮಧ್ಯಾಹ್ನವನ್ನು ‘ಎರಡು ಭಾಷೆ, ಒಂದು ಪೆಟ್ಟಿಗೆ’ಗೆ ಮೀಸಲಿಡಬೇಕೆಂದು ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ವಿನಂತಿ. ಒಂದೂವರೆ ಗಂಟೆಯೂ ಹಿಡಿಯದು. ಚಿತ್ರದ ನಂತರ ಹಿರಿಯರು ಭಾಷಣ ಮಾಡದೆ, ಇಲ್ಲಿ ಬೆಳೆದ ಮಕ್ಕಳು ತಮಗೆ ಬಂದ ಭಾಷೆಯಲ್ಲಿ ಮಾತಾಡಲಿ, ನಾವು ಕೇಳೋಣ. ಆ ಹೊತ್ತಿನ ಕಾಫಿ, ಉಪ್ಪಿಟ್ಟಿನ ಹೊಣೆ ನನ್ನದು.