ಕ್ಯಾಚ್ ಬಿಟ್ಟರೂ ಶಿಳ್ಳೆ
ಸಿಸಿಎಲ್ ಪಂದ್ಯಕ್ಕೆ ಹೋದವರು ಸ್ಕೋರ್‌ಬೋರ್ಡ್ ನೋಡುವುದು ಕಡಿಮೆ. 2011ರಲ್ಲಿ ಶುರುವಾದ ಈ ಸಿನಿಮಾ ನಟರ ಕ್ರಿಕೆಟ್ ಲೀಗ್‌ನಲ್ಲಿ ಅಭಿಮಾನಿಗೆ ಬೇಕಾದದ್ದು ಸುದೀಪ್ ಗ್ಯಾಲರಿಯತ್ತ ಒಮ್ಮೆ ಕೈ ಬೀಸುವುದು. ಹೀರೊ ಕ್ಯಾಚ್ ಹಿಡಿದರೂ ಶಿಳ್ಳೆ, ಬಿಟ್ಟರೆ ಇನ್ನೂ ಜೋರು ಶಿಳ್ಳೆ. (ಎದುರಾಳಿ ತಂಡದ ನಟನ ಸಿನಿಮಾ ನೋಡಿದವರು ಅವನಿಗೂ ಮೆಲ್ಲಗೆ ಚಪ್ಪಾಳೆ ತಟ್ಟುವುದುಂಟು.) ಹಾಗೆಂದು ಸುದೀಪ್ ಅವರ ತಂಡ ಕರ್ನಾಟಕ ಬುಲ್ಡೋಜರ್ಸ್ ಆಟವನ್ನು ತಮಾಷೆ ಮಾಡಿಕೊಳ್ಳಲಿಲ್ಲ, ಮೊದಲೆರಡು ಫೈನಲ್‌ಗಳಲ್ಲಿ ಚೆನ್ನೈ ರೈನೋಸ್‌ಗೆ ಸೋತು, 2013 ಮತ್ತು 2014ರಲ್ಲಿ ಕಪ್ ಎತ್ತಿತು. ನನ್ನ ಮಟ್ಟಿಗೆ ಆ ತಂಡದ ದೊಡ್ಡ ತಾರೆ ಧ್ರುವ ಶರ್ಮ. ಕಿವಿ ಕೇಳದ, ಮಾತು ಬಾರದ ಆ ನಟ ಬ್ಯಾಟ್ ಬೀಸಿದರೆ ಸ್ಟ್ಯಾಂಡಿಗೆ ಸ್ಟ್ಯಾಂಡೇ ಎದ್ದು ಅರಚುತ್ತಿತ್ತು. ಅವರಿಗೆ ಆ ಗದ್ದಲ ಕೇಳುತ್ತಿರಲಿಲ್ಲ, ಕಾಣುತ್ತಿತ್ತಷ್ಟೆ. ಅವರ ‘ಸ್ನೇಹಾಂಜಲಿ’ ಚಿತ್ರ ನೋಡದವರೂ ಮೈದಾನದಲ್ಲಿ ಅವರ ಹೆಸರು ಕಲಿತರು. 2017ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ಧ್ರುವ ತೀರಿಕೊಂಡರು. ಮತ್ತೆ ಅಭಿಮಾನಿಯ ಮಾತಿಗೆ ಬಂದರೆ, 2023ರಲ್ಲಿ ಲೀಗ್ ನಿಯಮ ಬದಲಿಸಿ ಪ್ರತಿ ತಂಡಕ್ಕೂ ಹತ್ತತ್ತು ಓವರಿನ ಎರಡು ಇನಿಂಗ್ಸ್ ಕೊಟ್ಟಿತು. ಕ್ರಿಕೆಟ್ ಪಂಡಿತರು ಮೂಗು ಮುರಿಯಲಿ, ಅಭಿಮಾನಿಗೆ ಇದು ಲಾಭದ ಬಾಬತ್ತು: ನೆಚ್ಚಿನ ನಟ ಸೊನ್ನೆಗೆ ಔಟಾದರೂ ಅದೇ ಟಿಕೆಟ್‌ನಲ್ಲಿ ಇನ್ನೊಮ್ಮೆ ಪ್ಯಾಡ್ ಕಟ್ಟಿಕೊಂಡು ಬರಬಹುದು.