ಬರೆಯದೆ ಉಳಿದ ಸಾಲು

ಕಳೆದ ವರ್ಷದ ಮಾತು. ಗುರುಗುಂಟಾದ ನಮ್ಮ ಸೋದರಮಾವನವರನ್ನು ಪಟ್ಟಣದ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿ ಹತ್ತರ ಮೇಲೆ ಊರಿನಿಂದ ಎಂಟು ಮಂದಿ ನೆಂಟರು ಬಂದಿಳಿದರು. ಮಂಚದ ಸುತ್ತ ನೆರೆದ ಗುಂಪನ್ನು ಕಂಡು ದಾದಿ, “ಒಬ್ಬರು ಇರ್ರಿ, ಉಳಿದವರು ಹೊರಗ ಕುಂದರ್ರಿ” ಎಂದರು. ಅಷ್ಟಕ್ಕೇ ನಮ್ಮವನೊಬ್ಬ ಸಿಡಿದೆದ್ದು, ಆಡಬಾರದ ಮಾತನ್ನಾಡಿ ಕೈಯನ್ನೂ ಎತ್ತಿದ. ಅವನನ್ನು ಹಿಡಿದು ಹೊರಗೆ ಕರೆತಂದೆವು. ಆಕೆ ತುಟಿಪಿಟಕ್ಕೆನ್ನದೆ ಮಾವನವರ ನಾಡಿ ನೋಡಿ ಪಟ್ಟಿಯಲ್ಲಿ ಗುರುತು ಹಾಕಿಕೊಂಡರು.

ಬಳಿಕ ನಾನು ಕ್ಷಮೆ ಬೇಡಿ, ಇದನ್ನು ಮೇಲಿನವರಿಗೆ ಬರೆದು ತಿಳಿಸುವುದಿಲ್ಲವೇ ಎಂದು ಕೇಳಿದೆ.

“ಬರದ್ರ ನನ್ನನ್ನೇ ಕೇಳ್ತಾರ್ರೀ ಸರ್, ನೀ ಏನಂದಿ ಅಂತ” ಎಂದು ನಕ್ಕರು.

ಆ ನಗೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಜ್ವರದ ಅರ್ಧ ಡಿಗ್ರಿಯ ಏರಿಳಿತವನ್ನೂ ಬರೆದಿಡುವವರು ತಮ್ಮ ಮೇಲೆ ಎತ್ತಿದ ಕೈಯನ್ನು ಮಾತ್ರ ಬರೆಯುವುದಿಲ್ಲ! ಬರೆಯದಿದ್ದುದು ನಡೆದೇ ಇಲ್ಲವೆಂಬುದು ಅವರ ವೃತ್ತಿಯಲ್ಲೇ ಕಲಿಸುವ ಪಾಠ. ಹಾಗಿರುವಾಗ ಬೆಳಗಿನ ಪಾಳಿಯ ದಾದಿಗೆ ಆ ನೆಂಟನ ವಿಷಯ ತಿಳಿಯುವುದೆಂತು? ರಾತ್ರಿ ಅಲ್ಲೊಬ್ಬ ಕಾವಲುಗಾರ ಬೇಕೆಂದು ಆಡಳಿತದವರಿಗೆ ತೋಚುವುದೆಂತು?

ಜ್ವರದ ತಾಪದಲ್ಲಿ, ತಲೆಗೆ ಪೆಟ್ಟು ಬಿದ್ದಾಗ, ರಕ್ತದ ಸಕ್ಕರೆ ಇಳಿದಾಗ ರೋಗಿ ಎಚ್ಚರ ತಪ್ಪಿ ಕೈಮಾಡುವುದುಂಟು. ಅದನ್ನೂ ಬರೆಯಬೇಕು, ದೂರಾಗಿ ಅಲ್ಲ, ವೈದ್ಯರು ತಿಳಿಯಬೇಕಾದ ಲಕ್ಷಣವಾಗಿ. ಎಚ್ಚರವುಳ್ಳವರ ದರ್ಪದ ಮಾತೇ ಬೇರೆ. ನಮ್ಮ ರಾಜ್ಯದ 2009ರ ಕಾಯಿದೆಯು ವೈದ್ಯರಂತೆ ದಾದಿಯರ ಮೇಲಿನ ಹಿಂಸೆಯನ್ನೂ ಜಾಮೀನುರಹಿತ ಅಪರಾಧವಾಗಿಸಿತು. 2024ರ ಆಗಸ್ಟ್ ತಿಂಗಳಲ್ಲಿ, ಕೋಲ್ಕತ್ತದ ತರುಣ ವೈದ್ಯೆಯ ಕೊಲೆಯಾದ ಬಳಿಕ, ಕೇಂದ್ರ ಸರ್ಕಾರವು ತನ್ನ ಆಸ್ಪತ್ರೆಗಳ ಮುಖ್ಯಸ್ಥರಿಗೆ ಒಂದು ಆಜ್ಞೆ ಕಳಿಸಿತು: ಕೆಲಸದಲ್ಲಿರುವವರ ಮೇಲೆ ಹಲ್ಲೆಯಾದರೆ 6 ಗಂಟೆಗಳೊಳಗೆ ಸಂಸ್ಥೆಯೇ ಪೊಲೀಸರಿಗೆ ದೂರು ಕೊಡತಕ್ಕದ್ದು. ದೂರಿನ ಹೊರೆ ಒಬ್ಬ ಹೆಣ್ಣುಮಗಳ ಮೇಲೆ ಬೀಳಬಾರದೆಂಬುದೇ ಇದರ ಹುರುಳು. ಆದರೆ ಮುಖ್ಯಸ್ಥರಿಗೆ ಸುದ್ದಿಯೇ ಮುಟ್ಟದಿದ್ದರೆ ಆಜ್ಞೆ ಕಾಗದದಲ್ಲೇ ಉಳಿದೀತು.

ಆದುದರಿಂದ ಸೋದರಿಯರೇ, ಬರೆಯಿರಿ. ದಿನ, ವೇಳೆ, ಆಡಿದ ಮಾತು, ಕಂಡವರ ಹೆಸರು, ಇಷ್ಟು ಸಾಕು. ಮೇಲಿನವರೇ, “ನೀನೇನಂದೆ” ಎಂಬುದಕ್ಕೆ ಮೊದಲು “ನಿನಗೇನಾಯಿತು” ಎಂದು ಕೇಳಿರಿ.

ವಾಚಕರೇ, ನಮ್ಮ ಪಾಲಿನದೂ ಒಂದಿದೆ. ಅಂದು ನಾನು ಕ್ಷಮೆ ಬೇಡಿದೆನೇ ಹೊರತು, “ಬರೆಯಿರಿ, ಕಂಡವರ ಸಾಲಿನಲ್ಲಿ ನನ್ನ ಹೆಸರು ಹಾಕಿರಿ” ಎನ್ನಲಿಲ್ಲ. ನೆಂಟಸ್ತಿಕೆ ಅಡ್ಡ ಬಂದಿತು.