ಡಬ್ಬಿಯ ಮೂಲೆ ಸವರಿ, ಅಕ್ಷರದ್ದಲ್ಲ

ಹೋದ ನವೆಂಬರಿನ ಮಾತು. ಇಂದಿರಾನಗರದ ನಮ್ಮ ಆಫೀಸಿನಲ್ಲಿ ಲಿಫ್ಟ್ ಪಕ್ಕ ರಾಜ್ಯೋತ್ಸವದ ಪೋಸ್ಟರ್ ಅಂಟಿಸಿದ್ದರು. ಹಳದಿ-ಕೆಂಪು ಹಿನ್ನೆಲೆ, ದುಂಡು ಮೂಲೆಯ ಚೌಕಟ್ಟು, ನಡುವೆ ಬನ್ನಿನ ಹಾಗೆ ಉಬ್ಬಿದ ಮುದ್ದಾದ ಅಕ್ಷರಗಳಲ್ಲಿ ಒಂದು ಸಾಲು: ‘ಕನ್ನಡವೇ ನಮ್ಮ ದನ’.

ಹೌದು, ದನ. ಧನ ಅಲ್ಲ.

ಆ ಸಾಲು ಟೈಪ್ ಮಾಡಿ ಕಳಿಸಿದವನು ನಾನೇ. ಟೀಮಿನಲ್ಲಿ ಕನ್ನಡ ಓದಿ ಬರೆಯೋರು ನಾಲ್ಕೇ ಜನ. ಅವರಲ್ಲಿ ಒಬ್ಬರು ನಮ್ಮ ಮ್ಯಾನೇಜರ್, ಬೆಂಗಳೂರಲ್ಲೇ ಹುಟ್ಟಿ ಬೆಳೆದವರು. ಲಿಫ್ಟಿಗೆ ಕಾಯ್ತಾ ನಿಂತು ಪೋಸ್ಟರ್ ಓದಿ, ಎಲ್ಲರ ಮುಂದೆ ಹೇಳಿದರು: “ಏನ್ ಗುರೂ, ಊರಲ್ಲಿ ದನ ಕಾಯ್ತಿದ್ದೆ ಅಂತ ಆಫೀಸಿಗೂ ಹೊಡ್ಕೊಂಡ್ ಬಂದ್ಬಿಟ್ಯಾ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂಥ ಹೊತ್ತಲ್ಲಿ ನಗದೆ ಇನ್ನೇನ್ ಮಾಡ್ತೀರಿ?

ಸೀಟಿಗೆ ಬಂದು ಕಳಿಸಿದ್ದ ಮೇಲ್ ತೆಗೆದು ನೋಡಿದೆ. ‘ಧನ’ ಅಂತಲೇ ಇತ್ತು. ಹೊಟ್ಟೆ ಸೀಳಿದ ‘ಧ’. ಹಾಗಾದ್ರೆ ಆ ಸೀಳು ಎಲ್ಲಿ ಹೋಯ್ತು?

ಡಿಸೈನ್ ಮಾಡಿದ ಹುಡುಗಿ ಪಾಪ, ಕನ್ನಡ ಬಾರದವಳು, ಆದ್ರೆ ಕೇಳಿದ ತಕ್ಷಣ ಫೈಲ್ ತೆರೆದು ತೋರಿಸಿದಳು. ನಮ್ಮ ಬ್ರ್ಯಾಂಡಿನ ನಿಯಮ ಪುಸ್ತಕದಲ್ಲಿ ಒಂದು ಸಾಲಿದೆಯಂತೆ: ಯಾವ ಮೂಲೆಯೂ ಚೂಪಾಗಿರಬಾರದು, ಎಲ್ಲವೂ ‘ಫ್ರೆಂಡ್ಲಿ’ಯಾಗಿ ಕಾಣಬೇಕು. ಹಾಗಾಗಿ ಅವಳು ಅಕ್ಷರಗಳನ್ನ ಚಿತ್ರವಾಗಿ ಬದಲಾಯಿಸಿ, ಮೂಲೆ ಸವರಿದ್ದಳು. ಫೋಟೋಶಾಪ್ ಕಲಿತ ಯಾರಿಗಾದರೂ ಗೊತ್ತಿರೋ ವಿಧಾನ. ಆಕಾರವನ್ನ ಸೆಲೆಕ್ಟ್ ಮಾಡು, ‘ಸ್ಮೂತ್’ ಅನ್ನು, ರೇಡಿಯಸ್ ಕೊಡು, ಮತ್ತೆ ಬಣ್ಣ ತುಂಬು. ಇಲ್ಲಾಂದ್ರೆ ಗಾಸಿಯನ್ ಬ್ಲರ್ ಹೊಡೆದು ಮಸುಕು ಮಾಡಿ, ಆಮೇಲೆ ಲೆವೆಲ್ಸ್‌ನಲ್ಲಿ ಎರಡೂ ಕಡೆಯಿಂದ ಎಳೆದು ಅಂಚು ಗಟ್ಟಿ ಮಾಡು. ಎರಡು ನಿಮಿಷದ ಕೆಲಸ.

ಅವಳದ್ದು ತಪ್ಪಲ್ಲ. ಸೀಳನ್ನ ಅವಳು ಅಳಿಸಿರಲಿಲ್ಲ, ಆ ಟೂಲ್ ಅಳಿಸಿತ್ತು. ಹೇಗೆ ಅಳಿಸಿತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ನನ್ನ ಜಗಳ ಇರೋದೇ ಅಲ್ಲಿ.

ಸ್ಮೂತ್ ಅನ್ನೋದು ಒಂದು ಚುನಾವಣೆ. ಪ್ರತಿ ಪಿಕ್ಸೆಲ್ಲಿಗೂ ಅದು ಕೇಳೋದು ಒಂದೇ ಪ್ರಶ್ನೆ: ನಿನ್ನ ಸುತ್ತ, ಈ ರೇಡಿಯಸ್ ಒಳಗೆ ಇರೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿನ್ನ ಪಕ್ಷವಾ? ಹೌದಾದ್ರೆ ಉಳಿ, ಇಲ್ಲಾಂದ್ರೆ ಹೋಗು. ಚೌಕದ ತುದಿಮೂಲೆಯಲ್ಲಿ ನಿಂತ ಪಿಕ್ಸೆಲ್ಲನ್ನೇ ತಗೊಳ್ಳಿ. ಅದರ ಸುತ್ತ ಒಂದು ವೃತ್ತ ಎಳೆದರೆ ಕಾಲು ಭಾಗ ಮಾತ್ರ ಚೌಕದ ಒಳಗಿರುತ್ತೆ, ಅಂದ್ರೆ ಶೇ 25. ಸೋತಿತು, ಹೋಯಿತು. ಮೂಲೆ ದುಂಡಗಾಗೋದು ಹೀಗೆ. ಈಗ 6 ಪಿಕ್ಸೆಲ್ ದಪ್ಪದ ಒಂದು ಗೀಟು ತಗೊಳ್ಳಿ. ರೇಡಿಯಸ್ 10 ಅಂದ್ರೆ ವೃತ್ತದಲ್ಲಿ ಸುಮಾರು 314 ಪಿಕ್ಸೆಲ್. ಗೀಟಿನ ಸರಿಯಾಗಿ ನಡುವೆ ನಿಂತರೂ ಅದರ ಪಾಲಿಗೆ ಸಿಗೋದು ಹೆಚ್ಚಂದ್ರೆ 118, ಅಂದ್ರೆ ಶೇ 38. ಅದೂ ಸೋತಿತು. ಬುಡದಲ್ಲಿ ಒಂಚೂರು ಉಬ್ಬು ಉಳಿದರೆ ಪುಣ್ಯ. ಬ್ಲರ್-ಲೆವೆಲ್ಸ್ ದಾರಿಯಲ್ಲೂ ಇದೇ ಕತೆ. ಸುತ್ತಲಿನವರ ಸರಾಸರಿ ತೆಗೆದು, ಅರ್ಧದ ಹತ್ತಿರ ಗೆರೆ ಎಳೆಯೋದು.

ಗಮನಿಸಿ, ಮೂಲೆಯನ್ನ ಮುದ್ದು ಮಾಡಿದ ನಿಯಮವೇ ಗೀಟನ್ನ ಕೊಂದಿದೆ. ಟೂಲಿಗೆ ಎರಡರ ನಡುವೆ ವ್ಯತ್ಯಾಸ ಗೊತ್ತಿಲ್ಲ. ತೆಳ್ಳಗಿರೋದು, ಒಂಟಿಯಾಗಿರೋದು, ಹೊರಗೆ ಚಾಚಿಕೊಂಡಿರೋದು ಎಲ್ಲವೂ ಅದಕ್ಕೆ ಕೊಳೆ.

“ಆದ್ರೆ ಕನ್ನಡ ಮೊದಲೇ ದುಂಡಗಿದೆಯಲ್ಲ, ಇನ್ನೊಂಚೂರು ದುಂಡಗಾದ್ರೆ ಏನಾಯ್ತು?” ಇದನ್ನ ನನಗೆ ಕೇಳಿದವರು ಒಬ್ಬಿಬ್ಬರಲ್ಲ. ತಾಳೆಗರಿಯ ಮೇಲೆ ನೆಟ್ಟಗೆ ಗೀಚಿದರೆ ಗರಿ ಸೀಳುತ್ತೆ, ಅದಕ್ಕೇ ನಮ್ಮ ಅಕ್ಷರ ದುಂಡಗಾದವು ಅನ್ನೋ ಮಾತನ್ನೂ ಜೊತೆಗೆ ಸೇರಿಸ್ತಾರೆ. ಇರಲಿ. ಆದ್ರೆ ಈ ವಾದ ತಲೆಕೆಳಗಾಗಿದೆ ಸ್ವಾಮಿ. ಇಂಗ್ಲಿಷಿನ ದೊಡ್ಡಕ್ಷರಗಳನ್ನ ನೋಡಿ. ‘ಇ’ಗೆ ಮೂರು ಅಡ್ಡಗೆರೆ, ‘ಎಫ್’ಗೆ ಎರಡು, ‘ಎಚ್’ಗೆ ಎರಡು ಕಂಬ ಒಂದು ತೊಲೆ. ಮೂಳೆಯೇ ಬೇರೆ ಬೇರೆ. ಹೊರಗಿನ ಚರ್ಮ ಎಷ್ಟು ಸವರಿದರೂ ಗುರುತು ಸಿಗುತ್ತೆ. ನಮ್ಮಲ್ಲಿ ಎಷ್ಟೋ ಅಕ್ಷರಗಳದ್ದು ಒಂದೇ ಮೈ. ದ-ಧ, ಪ-ಫ, ಡ-ಢ, ಚ-ಛ ಎಲ್ಲದರಲ್ಲೂ ವ್ಯತ್ಯಾಸ ಹೊಟ್ಟೆಯ ಕೆಳಗಿನ ಆ ಒಂದು ಸೀಳು ಅಥವಾ ಗೀಟು ಮಾತ್ರ. ರ-ಠ ನಡುವೆ ಒಂದು ಚುಕ್ಕೆ. ಮೈಯೆಲ್ಲ ದುಂಡಗಿರೋದರಿಂದಲೇ ದುಂಡಗಿಲ್ಲದ ಆ ಸಣ್ಣ ಗುರುತಿನ ಮೇಲೆ ಇಡೀ ಅರ್ಥ ನಿಂತಿದೆ. ಅದನ್ನ ಸವರಿದ್ರೆ ಮಠ ಮರ ಆಗುತ್ತೆ. ಧನ ದನ ಆಗುತ್ತೆ.

ನಿಮ್ಮಲ್ಲಿ ಹಲವರು ಚಾಟಿನಲ್ಲಿ ‘ಠ_ಠ’ ಕಳಿಸಿರ್ತೀರಿ. ಕನ್ನಡ ಒಂದಕ್ಷರ ಗೊತ್ತಿಲ್ಲದ ಅಮೆರಿಕದ ಹುಡುಗರೂ ಇಂಟರ್ನೆಟ್ಟಿನಲ್ಲಿ ‘ಇದೇನಯ್ಯಾ’ ಅನ್ನೋ ಮುಖಭಾವಕ್ಕೆ ನಮ್ಮ ‘ಠ’ವನ್ನೇ ಬಳಸ್ತಾರೆ. ಆ ನೋಟದಲ್ಲಿ ನೋಟ ಇರೋದು ಒಳಗಿನ ಚುಕ್ಕೆಯಿಂದ. ಸ್ಮೂತ್ ಮಾಡಿ ನೋಡಿ, ‘ರ_ರ’ ಉಳಿಯುತ್ತೆ. ಕಣ್ಣುಗುಡ್ಡೆ ಕಿತ್ತ ಮುಖ. ಅದನ್ನ ಯಾರೂ ಫ್ರೆಂಡ್ಲಿ ಅನ್ನಲ್ಲ.

ದುಂಡು ಮೂಲೆಯ ಮೇಲೆ ನನಗೆ ದ್ವೇಷ ಇಲ್ಲ, ಸ್ಪಷ್ಟವಾಗಿ ಹೇಳಿಬಿಡ್ತೀನಿ. ಅದರ ಕತೆಯೇ ಚೆನ್ನಾಗಿದೆ. 1981ರಲ್ಲಿ ಆಪಲ್‌ನ ಬಿಲ್ ಅಟ್ಕಿನ್ಸನ್ ಪರದೆ ಮೇಲೆ ವೃತ್ತಗಳನ್ನ ವೇಗವಾಗಿ ಬರೆಯೋ ಪ್ರೋಗ್ರಾಮ್ ತೋರಿಸಿದಾಗ, ಸ್ಟೀವ್ ಜಾಬ್ಸ್ ದುಂಡು ಮೂಲೆಯ ಆಯತ ಬರೆಯೋಕಾಗುತ್ತಾ ಅಂತ ಕೇಳಿದನಂತೆ. ಅದು ಕಷ್ಟ, ಅಷ್ಟೇನೂ ಬೇಕಾಗಲ್ಲ ಅಂತ ಅಟ್ಕಿನ್ಸನ್ ಅಂದದ್ದಕ್ಕೆ, ಜಾಬ್ಸ್ ಅವನನ್ನ ಹೊರಗೆ ನಡೆಸಿಕೊಂಡು ಹೋಗಿ ಕಂಡಕಂಡಲ್ಲೆಲ್ಲ ದುಂಡು ಮೂಲೆ ತೋರಿಸಿದ. ಕೊನೆಗೆ ಒಂದು ‘ನೋ ಪಾರ್ಕಿಂಗ್’ ಬೋರ್ಡ್ ತೋರಿಸಿದಾಗ ಅಟ್ಕಿನ್ಸನ್ ಸೋಲೊಪ್ಪಿಕೊಂಡ. ಅಲ್ಲಿಂದ ಶುರುವಾದದ್ದು ಇವತ್ತು ನಿಮ್ಮ ಫೋನಿನ ಐಕಾನ್, ಬಟನ್, ಕಾರ್ಡು, ಫೋಟೋ ಎಲ್ಲದರ ಮೇಲೂ ಇದೆ.

ಇಂದಿರಾನಗರದಲ್ಲಿ ನೋ ಪಾರ್ಕಿಂಗ್ ಬೋರ್ಡಿಗೇನು ಬರವಾ? ಗೇಟಿಗೊಂದು ನೇತಾಡುತ್ತೆ. ಅದರ ತಗಡಿನ ಮೂಲೆ ದುಂಡಗಿದ್ರೆ ಒಳ್ಳೇದೇ, ಮಕ್ಕಳ ಕೈ ಗೀರಲ್ಲ. ಯಾಕಂದ್ರೆ ಡಬ್ಬಿಯ ಮೂಲೆಗೆ ಅರ್ಥ ಇಲ್ಲ. ಸವರಿದ್ರೂ ಅದು ಡಬ್ಬಿಯೇ. ಅಕ್ಷರದ ಮೂಲೆಗೆ ಅರ್ಥ ಇದೆ. ಇಷ್ಟೇ ನನ್ನ ವಾದ. ಡಬ್ಬಿಗೆ ಮಾಡಿದ ನಿಯಮವನ್ನ ಅಕ್ಷರದ ಮೇಲೆ ಹೇರಬೇಡಿ.

ಇದು ಆಫೀಸಿನ ಒಂದು ಪೋಸ್ಟರಿಗೆ ಮುಗಿಯೋ ಕತೆಯಾಗಿದ್ರೆ ಬರೀತಾನೇ ಇರಲಿಲ್ಲ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ನೂರಡಿ ರಸ್ತೆ, ಹನ್ನೆರಡನೇ ಮೇನ್, ಸಿಎಂಎಚ್ ರಸ್ತೆ ಎಲ್ಲ ಕಡೆ ಎದ್ದೆವೋ ಬಿದ್ದೆವೋ ಅಂತ ಹೊಸ ಬೋರ್ಡುಗಳು ಬಂದವು. ನನಗೆ ಖುಷಿಯೇ ಆಯ್ತು. ಆದ್ರೆ ಕಾಯ್ದೆ ಕೇಳೋದು ಅಳತೆಯನ್ನ. ಟೇಪ್ ಹಿಡಿದು ಶೇ 60 ಇದೆಯಾ ನೋಡಬಹುದು, ಆ ಅರವತ್ತರಲ್ಲಿ ಇರೋದು ಅಕ್ಷರವಾ, ಅಕ್ಷರದ ಥರ ಇರೋ ಬನ್ನಾ ಅಂತ ನೋಡೋರು ಯಾರು? ಇಂಗ್ಲಿಷ್ ಲೋಗೋವನ್ನ ತಿಂಗಳುಗಟ್ಟಲೆ ತಿದ್ದಿ ತೀಡಿರ್ತಾರೆ. ಕನ್ನಡವನ್ನ ಕೊನೇ ದಿನ ಯಾವುದೋ ಫಾಂಟಿನಲ್ಲಿ ಟೈಪ್ ಮಾಡಿ, ಆ ಲೋಗೋಗೆ ಹೊಂದಲಿ ಅಂತ ಸ್ಮೂತ್ ಹೊಡೀತಾರೆ. ಆಮೇಲೆ ಅಕ್ರಿಲಿಕ್ಕಿನಲ್ಲಿ ಕೊರೆಯೋ ರೌಟರ್ ಯಂತ್ರ ತನ್ನ ಪಾಲಿನದ್ದೂ ತಿನ್ನುತ್ತೆ. ಅದರ ಬಿಟ್ ದುಂಡಗಿರೋದರಿಂದ ಒಳಮೂಲೆಗಳು ಇನ್ನಷ್ಟು ದುಂಡಗಾಗ್ತವೆ, ಬಿಟ್‌ಗಿಂತ ಕಿರಿದಾದ ಸೀಳಿನೊಳಗೆ ಅದು ಇಳಿಯೋದೇ ಇಲ್ಲ.

ನಮ್ಮಮ್ಮ ವರ್ಷಕ್ಕೆರಡು ಸಲ ತುರುವೇಕೆರೆ ಕಡೆಯ ನಮ್ಮೂರಿಂದ ಬರ್ತಾರೆ. ಅಮ್ಮ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಸಾಕ್ಷರತಾ ಆಂದೋಲನದ ಕಾಲದ ರಾತ್ರಿ ಶಾಲೆಯಲ್ಲಿ, ಲಾಟೀನಿನ ಬೆಳಕಲ್ಲಿ. ನೀವು ನಾನು ಪದವನ್ನ ಒಂದೇ ಏಟಿಗೆ ನುಂಗಿ ಓದ್ತೀವಿ. ಅಮ್ಮ ಹಾಗಲ್ಲ, ಒಂದೊಂದೇ ಅಕ್ಷರ ಹಿಡಿದು ಓದ್ತಾರೆ. ಇಂದಿರಾನಗರ ಮೆಟ್ರೋ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಿಂದ ಕೆಳಗಿನ ಬೋರ್ಡುಗಳನ್ನ ಓದೋದು ಅವರಿಗೊಂದು ಆಟ. ಹೋದ ಸಲ ಒಂದು ಬೋರ್ಡಿನ ಮೇಲೆ ನಿಂತೇಬಿಟ್ಟರು. “ಇದೇನ್ ಮಗಾ, ದಾ ನ ಧಾ ನ? ಹೊಟ್ಟೆ ಸೀಳವ್ರಾ ಇಲ್ವಾ?” ನನಗೂ ಗೊತ್ತಾಗಲಿಲ್ಲ. ಪಕ್ಕದ ಇಂಗ್ಲಿಷ್ ಓದಿ ಉತ್ತರ ಹೇಳಿದೆ. ಕನ್ನಡ ಬೋರ್ಡ್ ಓದೋಕೆ ಇಂಗ್ಲಿಷ್ ಬೇಕಾಯ್ತು! ಯಾರಿಗೋಸ್ಕರ ಆ ಶೇ 60 ಬರೆದದ್ದೋ ಅವರಿಗೇ ಅದು ದಕ್ಕಲಿಲ್ಲ.

“ಸಂದರ್ಭದಿಂದ ಅರ್ಥ ಆಗುತ್ತೆ ಬಿಡಯ್ಯಾ” ಅನ್ನೋರಿಗೆ ಇದೇ ಉತ್ತರ. ಸಂದರ್ಭದಿಂದ ಅರ್ಥ ಆಗೋದು ಮೊದಲೇ ಗೊತ್ತಿರೋರಿಗೆ. ಕಲಿಯೋ ಮಗುವಿಗೆ, ಕಲಿಯೋಕೆ ಹೊರಟ ನಮ್ಮ ಹೊರಗಿನ ಸಹೋದ್ಯೋಗಿಗೆ, ನಮ್ಮಮ್ಮನಿಗೆ ಅಕ್ಷರವೇ ಆಧಾರ.

ಇನ್ನೊಂದು ಗಟ್ಟಿ ಆಕ್ಷೇಪ ಇದೆ, ಅದನ್ನ ತಪ್ಪಿಸಿಕೊಂಡು ಹೋಗಲ್ಲ. ಆಡುಮಾತಿನಲ್ಲಿ ನಾವು ಮಹಾಪ್ರಾಣ ಎಲ್ಲಿ ಉಚ್ಚರಿಸ್ತೀವಿ? ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ತಮ್ಮ ಹೊಸಬರಹದಲ್ಲಿ ಮಹಾಪ್ರಾಣಗಳನ್ನೇ ಬಿಟ್ಟು ಬರೆಯಬಹುದು ಅಂತ ವಾದಿಸಿ, ಹಾಗೇ ಬರೆದೂ ತೋರಿಸಿದ್ದಾರೆ. ಹಾಗಿರುವಾಗ ಫೋಟೋಶಾಪ್ ಅದನ್ನ ತೆಗೆದ್ರೆ ನಿನಗೇನಯ್ಯಾ ನೋವು?

ನೋವು ಇಲ್ಲಿದೆ. ಭಟ್ಟರದ್ದು ಒಂದು ನಿರ್ಧಾರ. ಕಾರಣ ಕೊಟ್ಟು, ಪುಸ್ತಕ ಬರೆದು, ಬೈಸಿಕೊಂಡು ಮುಂದಿಟ್ಟ ನಿರ್ಧಾರ. ಅದನ್ನ ಒಪ್ಪಬಹುದು, ಬಿಡಬಹುದು, ಜಗಳ ಆಡಬಹುದು. ಕನ್ನಡಿಗರು ಕೂತು ಮಾತಾಡಿ ನಾಳೆಯಿಂದ ‘ಧ’ ಬೇಡ ಅಂದ್ರೆ ನಾನೂ ಬಿಡ್ತೀನಿ. ಆದ್ರೆ ರೇಡಿಯಸ್ 10 ಅನ್ನೋದು ನಿರ್ಧಾರ ಅಲ್ಲ. ಅದು ಯಾರೂ ಯೋಚಿಸದೆ ಆದ ಒಂದು ಅಳಿಸುವಿಕೆ. ನಮ್ಮಮ್ಮನ ಬಾಯಲ್ಲಿ ದನಕ್ಕೂ ಧನಕ್ಕೂ ಒಂದೇ ಸದ್ದು, ಒಪ್ಪಿದೆ. ಆದ್ರೆ ಅವರ ಕೈ ಇವತ್ತಿಗೂ ಧ ಬರೆಯುವಾಗ ಹೊಟ್ಟೆ ಸೀಳೋದನ್ನ ಮರೆಯಲ್ಲ. ಲಾಟೀನಿನ ಬೆಳಕಲ್ಲಿ ಸಂಪಾದಿಸಿದ ಗೀಟು ಅದು. ಅದನ್ನ ಶೇ 38 ಅಂತ ತಳ್ಳಿಹಾಕೋಕೆ ಸ್ಲೈಡರಿಗೆ ಯಾರು ಅಧಿಕಾರ ಕೊಟ್ಟರು?

ಅದಕ್ಕಿಂತ ಕೆಟ್ಟದ್ದು ಅಂದ್ರೆ, ಅಳಿಸಿದ್ದು ಟೂಲ್, ಹಳ್ಳಿಯವನು ಅನ್ನಿಸಿಕೊಂಡವನು ನಾನು. ತಪ್ಪು ಕಂಡ ಕೂಡಲೇ ನಮ್ಮ ಮ್ಯಾನೇಜರ್ ಫೈಲ್ ನೋಡಲಿಲ್ಲ, ನನ್ನ ಊರು ನೋಡಿದರು. ಕೋಡಿನಲ್ಲಿ ಬಗ್ ಬಂದ್ರೆ ಲಾಗ್ ತೆಗೆದು ನೋಡೋ ನಾವು, ಕನ್ನಡದಲ್ಲಿ ಬಗ್ ಬಂದ್ರೆ ಮನುಷ್ಯನ ಉಚ್ಚಾರಣೆ ನೋಡ್ತೀವಿ.

ಹಾಗಾದ್ರೆ ಏನ್ ಮಾಡ್ಬೇಕು? ದೊಡ್ಡ ಚಳವಳಿ ಏನೂ ಬೇಡ. ಮೃದುವಾದ ಕನ್ನಡ ಬೇಕಾ? ಮೃದುವಾಗಿಯೇ ರಚಿಸಿದ ಫಾಂಟ್ ತಗೊಳ್ಳಿ. ಎಕ್ ಟೈಪ್ ಸಂಸ್ಥೆಯವರ ‘ಬಾಲೂ ತಮ್ಮ’ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತೆ. ದಪ್ಪ, ದುಂಡು, ಮುದ್ದು ಎಲ್ಲ ಇದೆ, ಆದ್ರೆ ಧ ಅಲ್ಲಿ ಧ ಆಗಿಯೇ ಇದೆ. ಯಾಕಂದ್ರೆ ಅಲ್ಲಿ ಮೂಲೆ ಸವರಿದ್ದು ಮನುಷ್ಯ, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದ್ದ ಮನುಷ್ಯ. ಮೂಲೆ ಸವರಲೇಬೇಕು ಅಂತಿದ್ರೆ ಅಕ್ಷರವನ್ನ ವೆಕ್ಟರ್ ಆಗಿಯೇ ಇಟ್ಟುಕೊಂಡು ಬೇಕಾದ ಹೊರಮೂಲೆಗಳನ್ನ ಮಾತ್ರ ಆರಿಸಿ ಸವರಿ, ಸೀಳು ಚುಕ್ಕೆಗಳನ್ನ ಮುಟ್ಟಬೇಡಿ. ಕೊನೆಯದಾಗಿ, ಅಚ್ಚಿಗೆ ಹೋಗೋ ಮುಂಚೆ ಕನ್ನಡ ಓದೋರೊಬ್ಬರಿಗೆ ತೋರಿಸಿ. ನಾವು ಎರಡು ಸಾಲು ಕೋಡಿಗೆ ಇಬ್ಬರ ರಿವ್ಯೂ ಕೇಳ್ತೀವಿ. ಇಡೀ ಬೀದಿ ಓದೋ ಬೋರ್ಡಿಗೆ ಒಬ್ಬರೂ ಬೇಡವಾ?

ಪೋಸ್ಟರ್ ಏನಾಯ್ತು ಅಂತ ಕೇಳಬಹುದು. ಆ ಹುಡುಗಿ ಅವತ್ತೇ ಸರಿ ಮಾಡಿದಳು. “ಈ ಗೀಟಿಗೆ ಇಷ್ಟೊಂದು ಅರ್ಥ ಇದೆಯಾ?” ಅಂತ ಕೇಳಿ, ಹಾಳೆ ಮೇಲೆ ದ, ಧ ಎರಡನ್ನೂ ನಾಲ್ಕು ಸಲ ಬರೆದು ನೋಡಿದಳು. ಹೊಸ ಪ್ರಿಂಟ್ ಬರೋದರೊಳಗೆ ನವೆಂಬರ್ ಮುಗಿದಿತ್ತು. ಹಳೇ ಪೋಸ್ಟರ್ ಮೇಲೆ ನಾನೇ ಕಪ್ಪು ಮಾರ್ಕರ್ ತಗೊಂಡು ಹೊಟ್ಟೆ ಸೀಳಿ ಬಂದಿದ್ದೆ. ಚೂಪಾಗಿ, ಎಲ್ಲರಿಗೂ ಕಾಣೋ ಹಾಗೆ. ಬ್ರ್ಯಾಂಡಿನ ನಿಯಮ ಮುರಿದದ್ದಕ್ಕೆ ಯಾರೂ ಏನೂ ಅನ್ನಲಿಲ್ಲ.

ಅಂದಹಾಗೆ, ನಾನು ಊರಲ್ಲಿ ದನ ಕಾಯ್ತಿದ್ದದ್ದು ನಿಜ. ನಾಲ್ಕು ಹಸುವಿನ ಹಾಲು ಡೈರಿಗೆ ಹಾಕಿಯೇ ಅಮ್ಮ ನನ್ನ ಬಿಇ ಫೀಸ್ ಕಟ್ಟಿದ್ದು. ನಮ್ಮನೆಯಲ್ಲಿ ದನವೇ ಧನ. ಆದ್ರೂ ಎರಡನ್ನೂ ಬೇರೆ ಬೇರೆ ಬರೆಯೋಕೆ ನಮಗೆ ಬರುತ್ತೆ.